ಬಾರದ ದಾದಿಯ ಹಾಜರಿ

ಮೂವತ್ತಮೂರು ವರ್ಷ ಹಾಜರಿ ಪುಸ್ತಕವನ್ನು ತುಂಬಿದವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಉಳಿದುಬಿಡುತ್ತದೆ. ಗೆರೆ ಎಳೆದ ಯಾವ ಕಾಗದ ಕಂಡರೂ ಕಣ್ಣು ತಾನಾಗಿಯೇ ಅಡ್ಡಸಾಲನ್ನೂ ಉದ್ದಸಾಲನ್ನೂ ಕೂಡಿ ನೋಡುತ್ತದೆ. ಹೋಟೆಲಿನ ಬಿಲ್ಲಾಗಲಿ, ಮದುವೆ ಮನೆಯ ಮುಯ್ಯಿ ಪಟ್ಟಿಯಾಗಲಿ, ಲೆಕ್ಕ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಈ ಚಟದಿಂದಾಗಿ ಸ್ವಂತ ಅಕ್ಕನ ಮನೆಯಲ್ಲಿ ಹನ್ನೊಂದು ದಿನ ಮಾತಿಲ್ಲದೆ ಕಳೆಯಬೇಕಾಗಿ ಬಂದ ಪ್ರಸಂಗವೊಂದನ್ನು ಇಂದು ಬರೆಯುತ್ತಿದ್ದೇನೆ. ಭಾವನವರು ಇರುವವರೆಗೆ ಬರೆಯಬಾರದೆಂದಿದ್ದೆ. ಅವರು 2022ರಲ್ಲಿ ತೀರಿಕೊಂಡರು. ಅಕ್ಕನನ್ನು ಕೇಳಿದೆ. "ಬರಿ, ಆದರೆ ಆ ಹುಡುಗನ ಹೆಸರು ಮಾತ್ರ ಹಾಕಬೇಡ" ಎಂದಳು. ಹಾಕುವುದಿಲ್ಲ.

ನಮ್ಮ ಭಾವ 1971ರಲ್ಲಿ ಅಮೆರಿಕಕ್ಕೆ ಹೋದವರು. ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಇಂಜಿನಿಯರಾಗಿ ದುಡಿದು, ಟ್ರಾಯ್ ಎಂಬ ಊರಿನಲ್ಲಿ ಮನೆ ಕಟ್ಟಿಕೊಂಡು, 2006ರಲ್ಲಿ ಅರವತ್ತೈದು ತುಂಬಿದಾಗ ಕೆಲಸ ಬಿಟ್ಟರು. ನಾನು 2017ರ ಮೇ ಕೊನೆಯಲ್ಲಿ ಅವರ ಮನೆಗೆ ಹೋದೆ. ಆಗ ಅವರಿಗೆ ಎಪ್ಪತ್ತಾರು. ಬೆಳಗಿನ ಕಾಫಿ ಮುಗಿಸಿ, ಕಾರನ್ನು ತಾವೇ ನಡೆಸಿಕೊಂಡು ಮಾಲಿಗೆ ಹೋಗಿ, ಅಂಗಡಿಗಳು ಬಾಗಿಲು ತೆರೆಯುವ ಮೊದಲೇ ಅದರೊಳಗೆ ಎರಡು ಮೈಲಿ ನಡೆದು ಬರುತ್ತಿದ್ದರು. ಅವರ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ನಾನು ಮಧ್ಯದಲ್ಲಿ ಒಂದು ಬೆಂಚು ಹಿಡಿದು ಕೂರುತ್ತಿದ್ದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಒಯ್ದಿದ್ದ ಪುಸ್ತಕಗಳೆಲ್ಲ ಮುಗಿದಿದ್ದವು. ಅಡುಗೆಮನೆಯ ಮೇಜಿನ ಮೇಲೆ ಒಡೆಯದ ಲಕೋಟೆಯೊಂದು ಬಿದ್ದಿತ್ತು. "ಅದು ಸರ್ಕಾರದ ಕಾಗದ, ಮೇಷ್ಟ್ರೇ. ಮೇಲೆಯೇ 'ಇದು ಬಿಲ್ಲಲ್ಲ' ಎಂದು ಅಚ್ಚು ಹಾಕಿರುತ್ತಾರೆ. ಬಿಲ್ಲಲ್ಲದ ಮೇಲೆ ಓದುವುದೇನಿದೆ?" ಎಂದರು ಭಾವ. ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಓದಲು ಏನೂ ಇಲ್ಲದ ನನಗೆ ಅದೇ ಸಾಕಾಯಿತು.

ಮೆಡಿಕೇರ್ ಎಂಬುದು ಅಮೆರಿಕ ಸರ್ಕಾರ 1965ರಲ್ಲಿ ಕಾನೂನು ಮಾಡಿ ತಂದ, ಮುಖ್ಯವಾಗಿ ಅರವತ್ತೈದು ದಾಟಿದವರ ಆರೋಗ್ಯ ವಿಮೆ. ಯಾವ ಆಸ್ಪತ್ರೆಗೆ, ಯಾವ ವೈದ್ಯರಿಗೆ ನಿಮ್ಮ ಹೆಸರಿನಲ್ಲಿ ಎಷ್ಟು ಹಣ ಕೊಟ್ಟೆವು ಎಂಬುದರ ವಿವರವನ್ನು ಅವರು ಆಗಾಗ ಮನೆಗೆ ಕಳುಹಿಸುತ್ತಾರೆ. ಭಾವನವರ ಕಾಗದದಲ್ಲಿ ಮನೆಗೇ ಬಂದು ಶುಶ್ರೂಷೆ ಮಾಡುವ ಸಂಸ್ಥೆಯೊಂದರ ಹೆಸರಿತ್ತು. ಮಾರ್ಚ್ 20ರಿಂದ ಮೇ 18ರವರೆಗೆ, ಅಂದರೆ ಸರಿಯಾಗಿ ಅರವತ್ತು ದಿನ. ದಾದಿಯ ಭೇಟಿ ಒಂಬತ್ತು, ಫಿಜಿಯೋಥೆರಪಿಯವರ ಭೇಟಿ ಹನ್ನೆರಡು. ಇನ್ನೊಂದು ಹಾಳೆಯಲ್ಲಿ, ಈ ಶುಶ್ರೂಷೆ ಅಗತ್ಯವೆಂದು ದೃಢೀಕರಿಸಿದ ವೈದ್ಯರೊಬ್ಬರ ಹೆಸರೂ ಅವರಿಗೆ ಸಂದ ಶುಲ್ಕವೂ ಇದ್ದವು.

"ಭಾವ, ನಿಮಗೆ ಏನಾಗಿತ್ತು?" ಎಂದೆ, ಗಾಬರಿಯಿಂದ.

ಏನೂ ಆಗಿರಲಿಲ್ಲ. ಫೆಬ್ರುವರಿಯಲ್ಲಿ ಹಿರಿಯರ ಕೂಟವೊಂದರಲ್ಲಿ ಉಚಿತವಾಗಿ ರಕ್ತದೊತ್ತಡ, ಸಕ್ಕರೆ ನೋಡುತ್ತಿದ್ದರಂತೆ. ಅಲ್ಲಿದ್ದ ಯುವಕ ನಮ್ಮ ಕಡೆಯವನೇ. ಕನ್ನಡದಲ್ಲಿ ಮಾತಾಡಿಸಿ, ಅಕ್ಕನನ್ನು "ಅಮ್ಮಾ" ಎಂದು ಕರೆದು, "ನಿಮಗೆ ಮನೆಗೇ ನರ್ಸ್ ಕಳುಹಿಸುವ ಸೌಲಭ್ಯವಿದೆ, ಒಂದು ಕಾಸೂ ಕೊಡಬೇಕಾಗಿಲ್ಲ, ನಿಮ್ಮ ಹಕ್ಕು ಅದು" ಎಂದು ಹೇಳಿ ಮೆಡಿಕೇರ್ ಕಾರ್ಡಿನ ಫೋಟೋ ತೆಗೆದುಕೊಂಡನಂತೆ. ಆಮೇಲೆ ಒಬ್ಬ ದಾದಿ ಮೂರು ಸಲ ಬಂದು ರಕ್ತದೊತ್ತಡ ನೋಡಿದಳು. ಒಬ್ಬಾತ ಒಂದು ಸಲ ಬಂದು, ರಬ್ಬರಿನ ಪಟ್ಟಿಯೊಂದನ್ನು ಕೊಟ್ಟು, ಕಾಲು ಎಳೆಯುವ ವ್ಯಾಯಾಮ ತೋರಿಸಿ ಹೋದ. ಮೊದಲ ದಿನವೇ ಹಲವು ಖಾಲಿ ಹಾಳೆಗಳಿಗೆ ಭಾವ ಸಹಿ ಹಾಕಿದ್ದರು. "ಪದೇ ಪದೇ ತೊಂದರೆ ಕೊಡುವುದು ಬೇಡವೆಂದು, ಅಂಕಲ್" ಎಂದಿದ್ದನಂತೆ. ಜೊತೆಗೆ ದಿನಸಿ ಅಂಗಡಿಯ ಐವತ್ತು ಡಾಲರಿನ ಉಡುಗೊರೆ ಕಾರ್ಡು. ದೃಢೀಕರಿಸಿದ ಆ ವೈದ್ಯರನ್ನು ಭಾವ ಕಂಡೇ ಇರಲಿಲ್ಲ.

ನಮ್ಮ ಅಕ್ಕನಿಗೆ ಅಮ್ಮನಿಂದ ಬಂದ ಅಭ್ಯಾಸವೊಂದಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲವನ್ನೂ ಗುರುತು ಹಾಕುತ್ತಾಳೆ. ಊರಿನಲ್ಲಿ ಹಾಲಿನವನ ಲೆಕ್ಕ, ಅಲ್ಲಿ ಹುಲ್ಲು ಕತ್ತರಿಸುವವನ ಲೆಕ್ಕ. ನಾನು ಎದ್ದು ಮಾರ್ಚಿನ ಹಾಳೆ ತಿರುಗಿಸಿದೆ. ದಾದಿ ಬಂದ ದಿನಗಳಿಗೆ "ನ" ಎಂದು ಬರೆದಿದ್ದಳು. ಮೂರು "ನ", ಒಂದು "ವ್ಯಾ". ಒಟ್ಟು ನಾಲ್ಕು. ಕಾಗದದಲ್ಲಿ ಇಪ್ಪತ್ತೊಂದು. ಸಾಲದೆಂಬಂತೆ ಏಪ್ರಿಲ್ 9ರಿಂದ 17ರವರೆಗೆ ಉದ್ದಕ್ಕೂ ಗೆರೆ ಎಳೆದು "ಹ್ಯೂಸ್ಟನ್" ಎಂದು ಬರೆದಿತ್ತು. ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಇಬ್ಬರೂ ವಿಮಾನ ಹತ್ತಿ ಹೋಗಿದ್ದರು.

ಈ ಹೋಗಿಬರುವ ಸಂಗತಿ ಏಕೆ ಮುಖ್ಯವೆಂಬುದು ನನಗೆ ತಿಳಿದದ್ದು ಅಂದು ಸಂಜೆ, ಬೇರೆ ರಾಜ್ಯದಲ್ಲಿ ಔಷಧಾಲಯ ನಡೆಸುವ ಸೋದರ ಸೊಸೆ ಫೋನಿನಲ್ಲಿ ವಿವರಿಸಿದಾಗ. ಮೆಡಿಕೇರ್ ಮನೆಗೆ ದಾದಿಯನ್ನು ಕಳುಹಿಸುವುದು ಮನೆಯಿಂದ ಹೊರಬೀಳಲಾರದವರಿಗೆ ಮಾತ್ರ. ಊರುಗೋಲಿನ, ಗಾಲಿಕುರ್ಚಿಯ ಅಥವಾ ಇನ್ನೊಬ್ಬರ ಆಸರೆ ಬೇಕು, ಇಲ್ಲವೇ ಹೊರಗೆ ಹೋಗುವುದರಿಂದ ಕಾಯಿಲೆ ಉಲ್ಬಣಿಸುವಂತಿರಬೇಕು. ಮನೆ ಬಿಟ್ಟು ಹೊರಡುವುದೇ ಬಹಳ ಪ್ರಯಾಸವಾಗಿರಬೇಕು. ಆಸ್ಪತ್ರೆಗೆ ಹೋಗಿ ಬರಬಹುದು. ದೇವಸ್ಥಾನಕ್ಕೂ ಹೋಗಬಹುದು; ಆ ಕಾನೂನು ಪೂಜೆ ಪ್ರಾರ್ಥನೆಗೆ ಅಡ್ಡಿಮಾಡುವುದಿಲ್ಲವೆಂಬುದು ನನಗೆ ಮೆಚ್ಚಿಗೆಯಾಯಿತು. ಅಪರೂಪಕ್ಕೊಮ್ಮೆ ಸ್ವಲ್ಪ ಹೊತ್ತು ಹೊರಗೆ ಹೋದರೂ ತಪ್ಪಿಲ್ಲ. ಆದರೆ ದಿನಾಲೂ ಕಾರು ನಡೆಸಿ ಎರಡು ಮೈಲಿ ನಡೆಯುವವರು ಆ ಪಟ್ಟಿಗೆ ಹೇಗೂ ಸೇರರು. ವೈದ್ಯರೋ ಅವರ ಪರವಾಗಿ ಅನುಮತಿ ಪಡೆದವರೋ ಶುಶ್ರೂಷೆ ಆರಂಭವಾಗುವ ಮುಂಚಿನ ತೊಂಬತ್ತು ದಿನಗಳೊಳಗೆ ಅಥವಾ ಆರಂಭವಾದ ಮೂವತ್ತು ದಿನಗಳೊಳಗೆ ರೋಗಿಯನ್ನು ಮುಖಾಮುಖಿ ಕಂಡಿರಲೇಬೇಕೆಂಬ ನಿಯಮವೂ 2010ರ ಕಾನೂನಿನಿಂದ ಬಂದಿದೆ. ಭಾವನವರ ವಿಷಯದಲ್ಲಿ ಒಂದೂ ನಡೆದಿರಲಿಲ್ಲ.

ಇನ್ನೊಂದು ಗುಟ್ಟನ್ನು ನಾನು ಆಮೇಲೆ ಓದಿ ತಿಳಿದೆ. ಆಗ ಅಲ್ಲಿ ಅರವತ್ತು ದಿನಕ್ಕೊಮ್ಮೆ ಇಡಿಗಂಟಾಗಿ ಹಣ ಕೊಡುತ್ತಿದ್ದರು. ಮೂಲ ದರ ಸುಮಾರು 3000 ಡಾಲರ್. ಭೇಟಿಗಳು ನಾಲ್ಕೋ ಅದಕ್ಕಿಂತ ಕಡಿಮೆಯೋ ಆದರೆ ಇಡಿಗಂಟಿಲ್ಲ, ಭೇಟಿಗಿಷ್ಟು ಎಂದು ಮಾತ್ರ. ಐದನೆಯ ಭೇಟಿಗೆ ಇಡಿಗಂಟಿನ ಬಾಗಿಲು ತೆರೆಯುತ್ತಿತ್ತು. ವ್ಯಾಯಾಮದ ಭೇಟಿಗಳು ಹೆಚ್ಚಿದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ನಿಜವಾಗಿ ಬಂದದ್ದು ನಾಲ್ಕು ಸಲ. ಮಿಕ್ಕ ಹದಿನೇಳನ್ನು ಪೆನ್ನು ಮಾಡಿತ್ತು. 2020ರ ಜನವರಿಯಿಂದ ಆ ಪದ್ಧತಿ ಬದಲಾಗಿ, ಮೂವತ್ತು ದಿನಗಳ ಲೆಕ್ಕ ಬಂದಿದೆ. ವ್ಯಾಯಾಮದ ಭೇಟಿಗಳನ್ನು ಎಣಿಸಿ ಹಣ ಏರಿಸುವುದು ನಿಂತಿದೆ.

ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಹೋಮ್ ನರ್ಸನ್ನು ಇಟ್ಟುಕೊಂಡವರು ಸಾಮಾನ್ಯವಾಗಿ ತಮ್ಮ ಜೇಬಿನಿಂದಲೇ ಕೊಡುತ್ತಾರೆ. ಆಕೆ ಅರ್ಧ ಗಂಟೆ ತಡವಾಗಿ ಬಂದರೂ ಮನೆಯೊಡತಿಗೆ ಗೊತ್ತಾಗುತ್ತದೆ. ಅಲ್ಲಿ ಕೊಡುವವನು ದೂರದ ಸರ್ಕಾರ. ಮನೆಯವರಿಗೆ ಖರ್ಚಿಲ್ಲ, ಆದ್ದರಿಂದ ಎಣಿಸುವವರಿಲ್ಲ. ಮೋಸ ಹೊಕ್ಕದ್ದು ಈ ಸಂದಿಯಿಂದ. ನಾನು ಅಲ್ಲಿದ್ದ ಆಗಸ್ಟ್‌ನಲ್ಲಿಯೇ ಡಲ್ಲಾಸಿನ ಜಾಕ್ ರಾಯ್ ಎಂಬ ವೈದ್ಯನಿಗೆ 35 ವರ್ಷಗಳ ಸೆರೆವಾಸವಾಯಿತು. ಸುಮಾರು 375 ಮಿಲಿಯ ಡಾಲರುಗಳ ಮೋಸದ ಪ್ರಕರಣ ಅದು. ಮನೆ ಶುಶ್ರೂಷೆ ಬೇಕೆಂದು ಸಾವಿರಾರು ಜನರಿಗೆ ಆತ ದೃಢೀಕರಣ ಕೊಟ್ಟಿದ್ದ. ಮನೆಯೇ ಇಲ್ಲದವರನ್ನು ನಿರ್ಗತಿಕರ ಆಶ್ರಯತಾಣದಿಂದ ಹಿಡಿದು ತಂದು, ಮನೆ ಬಿಟ್ಟು ಹೊರಡಲಾರದ ರೋಗಿಗಳೆಂದು ಬರೆಸಿಕೊಂಡಿದ್ದರೆಂದು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡೆಟ್ರಾಯಿಟ್ ಸುತ್ತಲೂ ಈ ಪಿಡುಗು ಎಷ್ಟಿತ್ತೆಂದರೆ 2014ರಲ್ಲಿ ಅಲ್ಲಿ ಇಂಥ ಹೊಸ ಸಂಸ್ಥೆಗಳ ನೋಂದಣಿಯನ್ನೇ ನಿಲ್ಲಿಸಿದ್ದರು. 2016ರಲ್ಲಿ ಆ ತಡೆ ಇಡೀ ಮಿಷಿಗನ್ನಿಗೆ ಹಬ್ಬಿ, 2019ರ ಜನವರಿಯಲ್ಲಿ ತೆರವಾಯಿತು.

ಇನ್ನು ಮನೆಯ ಕಥೆ. "ನಮ್ಮಿಂದ ಏನು ಹೋಯಿತು? ಒಂದು ಕಾಸು ಕೊಟ್ಟಿದ್ದೇವೆಯೇ?" ಎಂದಳು ಅಕ್ಕ. "ಆ ಹುಡುಗ ಮಂಜು ಬಿದ್ದ ದಿನ ಬಂದು ಬಾಗಿಲ ಮುಂದಿನ ಹಿಮ ತೆಗೆದು ಕೊಟ್ಟಿದ್ದಾನೆ ಕಣೋ. ಅವನಿಗೆ ಎರಡು ಮಕ್ಕಳಿವೆ. ನೀನು ನಾಳೆ ವಿಮಾನ ಹತ್ತುತ್ತೀಯ. ನಾವು ಇಲ್ಲಿ ಇದೇ ಜನರ ಮಧ್ಯೆ ಬಾಳಬೇಕು." ಭಾವನವರ ಭಯ ಬೇರೆ. ಸಹಿ ಹಾಕಿದವರು ಅವರು, ಉಡುಗೊರೆ ಕಾರ್ಡು ತೆಗೆದುಕೊಂಡವರೂ ಅವರೇ. ನಲವತ್ತಾರು ವರ್ಷ ಆ ದೇಶದಲ್ಲಿ ಒಂದು ಟ್ರಾಫಿಕ್ ದಂಡವನ್ನೂ ಕಟ್ಟದ ಮನುಷ್ಯ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ.

ನಾನೂ ಮಾಡಲಿಲ್ಲ. ಅದರ ಕಾರಣವನ್ನು ಅವರಿಬ್ಬರಿಗೂ ಅಂದು ಹೇಳಿರಲಿಲ್ಲ. ಇಲ್ಲಿ ಹೇಳಿಬಿಡುತ್ತೇನೆ.

1995ರಲ್ಲಿ ಕೇಂದ್ರ ಸರ್ಕಾರ ಶಾಲಾ ಮಕ್ಕಳ ಆಹಾರ ಯೋಜನೆಯನ್ನು ತಂದಿತು. ಬಿಸಿಯೂಟ ನಮ್ಮ ರಾಜ್ಯಕ್ಕೆ ಬಂದದ್ದು 2002ರಿಂದ ಈಚೆಗೆ. ಅದಕ್ಕೆ ಮೊದಲು ತಿಂಗಳಿಗೆ ಶೇಕಡ 80ರಷ್ಟು ಹಾಜರಾದ ಮಗುವಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದೆವು. ನಾನಾಗ ಬಯಲುಸೀಮೆಯ ಒಂದು ಹಳ್ಳಿಶಾಲೆಯಲ್ಲಿ ಸಹಶಿಕ್ಷಕ. ಕುರಿ ಮೇಯಿಸಲು ಹೋಗುತ್ತಿದ್ದ ಮಕ್ಕಳಿಗೆ ಶೇಕಡ 80 ತುಂಬುತ್ತಿರಲಿಲ್ಲ. "ಪಾಪ, ಹಸಿದ ಮಕ್ಕಳು, ಹಾಜರಿ ಹಾಕಿ ಮೇಷ್ಟ್ರೇ" ಎಂದರು ಮುಖ್ಯೋಪಾಧ್ಯಾಯರು. ಹಾಕಿದೆ. ಈಗಲೂ ಆ ಗೆರೆಗಳ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಮುಂದಿನ ವರ್ಷ, ಗುಳೆ ಹೋಗಿ ಊರಿನಲ್ಲೇ ಇಲ್ಲದ ಹದಿನಾಲ್ಕು ಮಕ್ಕಳ ಹೆಸರು ಪುಸ್ತಕದಲ್ಲಿ ಉಳಿಯಿತು. ಆ ಮಕ್ಕಳ ಪಾಲಿನ ಅಕ್ಕಿ ಯಾವ ಅಂಗಡಿಗೆ ಹೋಗುತ್ತಿತ್ತೆಂಬುದು ನನಗೆ ಗೊತ್ತಿತ್ತು. ತಿಂಗಳ ಕೊನೆಗೆ ಕೂಡಿಸಿ ಸಹಿ ಹಾಕುತ್ತಿದ್ದವನು ನಾನೇ. ಇನ್‌ಸ್ಪೆಕ್ಟರು ಬಂದ ದಿನ ಅವರು ಪುಸ್ತಕದ ಮೇಲೆ ಬೆರಳಿಟ್ಟು, "ಇವರೆಲ್ಲ ಬರುತ್ತಾರೆಯೇ?" ಎಂದು ನನ್ನ ಮುಖವನ್ನೇ ನೋಡಿದರು. "ಬರುತ್ತಾರೆ ಸಾರ್" ಎಂದೆ. ಎರಡು ವರ್ಷದಲ್ಲಿ ನನಗೆ ವರ್ಗವಾಯಿತು. ಅಷ್ಟೇ.

ಮರುದಿನ ಬೆಳಿಗ್ಗೆ ಭಾವ, ನಮ್ಮ ಯಾರ ಮಾತಿಗೂ ಕಾಯದೆ, ಆ ಸಂಸ್ಥೆಗೇ ಫೋನ್ ಮಾಡಿ "ಲೆಕ್ಕ ತಪ್ಪಾಗಿರಬಹುದು" ಎಂದು ತಿಳಿಸಿದರು. ಹಾಗೆ ಮಾಡುವುದು ತಪ್ಪೇನಲ್ಲ. ಎಷ್ಟೋ ಸಲ ಅದು ನಿಜವಾಗಿ ಗುಮಾಸ್ತರ ತಪ್ಪೇ ಆಗಿರುತ್ತದೆ. ಮೊದಲು ಅವರನ್ನೇ ವಿಚಾರಿಸಿ ಎಂದು ಆ ಕಾಗದವೇ ಹೇಳುತ್ತದೆ. ಆದರೆ ಒಂದು ಗಂಟೆಯೊಳಗೆ ಆ ಯುವಕ ಮಿಠಾಯಿ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತಿದ್ದ. ಅಕ್ಕ ಕಾಫಿ ಕೊಟ್ಟಳು. "ಕಂಪ್ಯೂಟರಿನ ತಪ್ಪು ಅಂಕಲ್. ಸರಿಮಾಡುವುದಕ್ಕೆ ನಿಮ್ಮ ಒಂದೆರಡು ಸಹಿ ಬೇಕು" ಎಂದು ಚೀಲದಿಂದ ಹಾಳೆಗಳನ್ನು ತೆಗೆದ. ಪಕ್ಕದಲ್ಲಿದ್ದ ನನ್ನ ಕಣ್ಣಿಗೆ ತಾರೀಖಿನ ಅಂಕಣ ಬಿತ್ತು. ಏಪ್ರಿಲ್ 11. ಏಪ್ರಿಲ್ 13. ಎದುರಿಗೆ "ರೋಗಿ ಕೋಲಿನ ಸಹಾಯದಿಂದ ಹತ್ತು ಅಡಿ ನಡೆದರು" ಎಂಬರ್ಥದ ಇಂಗ್ಲಿಷ್ ವಾಕ್ಯ.

"ಇದರ ಒಂದು ಪ್ರತಿ ನಮಗೆ ಬೇಕಲ್ಲಪ್ಪ" ಎಂದೆ.

"ಅದು ಆಫೀಸಿನ ನಿಯಮಕ್ಕೆ ವಿರುದ್ಧ, ಸಾರ್."

"ಏಪ್ರಿಲ್ ಹನ್ನೊಂದಕ್ಕೆ ಇವರು ಹ್ಯೂಸ್ಟನ್ನಿನಲ್ಲಿದ್ದರು."

ಅವನು ನನ್ನ ಕಡೆ ನೋಡಲಿಲ್ಲ. ಅಕ್ಕನ ಕಡೆ ತಿರುಗಿ, ಮೆಲ್ಲಗೆ, "ಅಮ್ಮಾ, ಇದು ದೊಡ್ಡದಾದರೆ ಅಂಕಲ್ಲಿಗೇ ತೊಂದರೆ. ಸಹಿ ಅವರದೇ ಅಲ್ಲವೇ" ಎಂದ. ಹೆದರಿಸುವ ದನಿಯೇನಲ್ಲ, ಕಳಕಳಿಯ ದನಿಯೇ. ಭಾವ ಅದುವರೆಗೆ ಪೆನ್ನು ಹಿಡಿದು ಕುಳಿತಿದ್ದವರು ಅದರ ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸಿಕೊಂಡು, "ನೀವಿನ್ನು ಹೊರಡಿ" ಎಂದರು. ಆ ಹುಡುಗನಿಗೆ ಅವರು ಬಹುವಚನ ಬಳಸಿದ್ದು ಅದೇ ಮೊದಲಂತೆ. ಮಿಠಾಯಿ ಡಬ್ಬಿಯನ್ನೂ ಹಿಂದಿರುಗಿಸಿದರು.

ದೂರು ಕೊಡುವ ದಾರಿಯನ್ನು ಸೊಸೆ ಹೇಳಿಕೊಟ್ಟಿದ್ದಳು. ಮೆಡಿಕೇರಿನ ಫೋನ್ 1-800-633-4227. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯದು 1-800-447-8477. ಅಲ್ಲಿ ಹೆಸರು ಹೇಳದೆಯೂ ದೂರಬಹುದು. ಇವಲ್ಲದೆ 1997ರಿಂದ ನಡೆಯುತ್ತಿರುವ ಸೀನಿಯರ್ ಮೆಡಿಕೇರ್ ಪಟ್ರೋಲ್ ಎಂಬ ವ್ಯವಸ್ಥೆಯಿದೆ. ಅಕ್ಕನ ಕಿವಿಗೆ ಅದು "ಪೆಟ್ರೋಲ್" ಎಂದೇ ಬಿದ್ದು, ಆ ಕೋಪದ ನಡುವೆಯೂ "ಮುದುಕರಿಗೇನು ಪೆಟ್ರೋಲು?" ಎಂದಳು. ಅಲ್ಲಿ ಹೆಚ್ಚಾಗಿ ಕೆಲಸ ಮಾಡುವವರು ನಿವೃತ್ತರಾದ ಸ್ವಯಂಸೇವಕರು. ಕಾಗದ ಓದಿಸಿಕೊಂಡು, ತಪ್ಪೋ ಮೋಸವೋ ಎಂದು ಬಿಡಿಸಿ, ಎಲ್ಲಿಗೆ ಕಳುಹಿಸಬೇಕೋ ಅಲ್ಲಿಗೆ ಕಳುಹಿಸುತ್ತಾರೆ. ನಾವು ಅವರನ್ನೇ ಹಿಡಿದೆವು.

ಫೋನಿನ ಆ ಕಡೆ ವಯಸ್ಸಾದ ಹೆಂಗಸೊಬ್ಬರು ಬಹಳ ನಿಧಾನವಾಗಿ ಮಾತಾಡಿದರು. ಭಾವ ಮೊದಲು ಹೇಳಿದ್ದೇ "ನಾನು ಖಾಲಿ ಹಾಳೆಗೆ ಸಹಿ ಹಾಕಿದ್ದೇನೆ" ಎಂದು. ಹೆಚ್ಚು ಜನ ಹಾಗೆಯೇ ಆರಂಭಿಸುತ್ತಾರೆ, ಗಾಬರಿಯಾಗಬೇಡಿ ಎಂದರಂತೆ ಆಕೆ. ಮುಂದಿನ ಪ್ರಶ್ನೆಗಳೆಲ್ಲ ನನಗೆ ಪ್ರಿಯವಾದಂಥವು. ಯಾವ ಕಾಗದ, ಯಾವ ತಾರೀಖು, ಸಂಸ್ಥೆಯ ಹೆಸರು, ಎಷ್ಟು ಭೇಟಿ ಬರೆದಿದೆ, ನಿಜವಾಗಿ ಎಷ್ಟು ಸಲ ಬಂದರು, ಬಂದವರು ಎಷ್ಟು ಹೊತ್ತು ಇದ್ದರು, ಏನು ಮಾಡಿದರು. ಊಹೆಯನ್ನು ಬಿಟ್ಟು ಕಂಡದ್ದನ್ನು ಮಾತ್ರ ಹೇಳಿ ಎಂದು ಎರಡು ಸಲ ಎಚ್ಚರಿಸಿದರು. ಕ್ಯಾಲೆಂಡರಿನ ಹಾಳೆಗಳ, ವಿಮಾನದ ಟಿಕೆಟ್ಟಿನ ನಕಲು ಕೇಳಿದರು. ಕ್ಯಾಲೆಂಡರಿನ "ನ" ಮತ್ತು "ವ್ಯಾ" ಎಂಬುದರ ಅರ್ಥವನ್ನು ಭಾವ ಇಂಗ್ಲಿಷಿನಲ್ಲಿ ಬರೆದು ಅಂಟಿಸಬೇಕಾಯಿತು.

ಆಕೆ ಹೇಳಿದ ಒಂದು ಸಂಗತಿ ಭಾವನವರನ್ನು ಬಹಳ ಕಾಡಿತು. ಆಗಿನ ಮೆಡಿಕೇರ್ ಕಾರ್ಡಿನ ಸಂಖ್ಯೆಯಲ್ಲಿ ಅವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಇರುತ್ತಿತ್ತು. ಅಂದರೆ ಫೋಟೋ ತೆಗೆದುಕೊಂಡವನ ಕೈಯಲ್ಲಿ ಬ್ಯಾಂಕಿನ ಬೀಗದಕೈಯೂ ಇದ್ದಂತೆ. ಅವರು ಬ್ಯಾಂಕುಗಳಿಗೆಲ್ಲ ಬರೆದು ಎಚ್ಚರಿಸಲು ಎರಡು ದಿನ ಹಿಡಿಯಿತು. 2018ರ ಏಪ್ರಿಲ್‌ನಿಂದ ಆ ಸಂಖ್ಯೆಯಿಲ್ಲದ ಹೊಸ ಕಾರ್ಡುಗಳನ್ನು ಹಂಚಿದರು. ಹೊಸದು ಬಂದ ದಿನ ಭಾವ ನನಗೆ ಫೋನ್ ಮಾಡಿ, "ಮೇಷ್ಟ್ರೇ, ಇದನ್ನು ನಿಮ್ಮ ಅಕ್ಕನಿಗೂ ತೋರಿಸುವುದಿಲ್ಲ" ಎಂದು ನಕ್ಕರು.

ಯಾರೋ ಪರಿಚಿತರು, "ದೂರಿದರೆ ಬಹುಮಾನವೂ ಸಿಗುತ್ತದಂತೆ" ಎಂದು ಸುದ್ದಿ ತಂದರು. ಅದು ಬೇರೆಯ ಕಾನೂನು. ಅಂತರ್ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಕಳಪೆ ಸಾಮಾನು ಮಾರುತ್ತಿದ್ದ ಗುತ್ತಿಗೆದಾರರನ್ನು ಹಿಡಿಯಲು ಲಿಂಕನ್ನರ ಕಾಲದಲ್ಲಿ, 1863ರಲ್ಲಿ, ಬಂದದ್ದು. ಮೋಸವನ್ನು ಬಲ್ಲವನೊಬ್ಬ ಸರ್ಕಾರದ ಪರವಾಗಿ ತಾನೇ ದಾವೆ ಹೂಡಿ ಗೆದ್ದರೆ ವಸೂಲಾದ ಹಣದಲ್ಲಿ ಶೇಕಡ 15ರಿಂದ 30ರವರೆಗೆ ಅವನಿಗೆ ಸೇರುತ್ತದೆ. ಹೆಚ್ಚಾಗಿ ಸಂಸ್ಥೆಗಳ ಒಳಗೆ ಕೆಲಸ ಮಾಡುವವರು ಈ ದಾರಿ ಹಿಡಿಯುತ್ತಾರೆ. ನಾವು ಮಾಡಿದ್ದು ಬರೀ ಒಂದು ಫೋನು. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಅಕ್ಕನ ಸಿಟ್ಟು ನೆತ್ತಿಗೇರಿತು. "ದುಡ್ಡಿಗೋಸ್ಕರ ನಮ್ಮವನನ್ನೇ ಹಿಡಿದುಕೊಟ್ಟರು ಎನ್ನುತ್ತಾರೆ, ನೋಡುತ್ತಿರು." ಹನ್ನೊಂದು ದಿನ ನನಗೆ ತಟ್ಟೆಗೆ ಬಡಿಸಿದಳೇ ಹೊರತು ಮಾತಾಡಲಿಲ್ಲ. ಹನ್ನೆರಡನೆಯ ದಿನ ನಾನು ಆ ಅಕ್ಕಿಯ ಕಥೆ ಹೇಳಿದೆ. ಹದಿನಾಲ್ಕು ಮಕ್ಕಳಲ್ಲಿ ಆರು ಹೆಸರುಗಳು ನನಗೆ ಇನ್ನೂ ನೆನಪಿವೆ, ಅವನ್ನೂ ಹೇಳಿದೆ. ಅವಳು ಬೀನ್ಸ್ ಬಿಡಿಸುತ್ತಾ ಕೇಳಿ, ಕೊನೆಗೆ "ಅಪ್ಪನಿಗೆ ಗೊತ್ತಿತ್ತೇ?" ಎಂದಳು. ಗೊತ್ತಿರಲಿಲ್ಲ ಎಂದೆ.

ಆ ದೂರಿನಿಂದ ಏನಾಯಿತು ಎಂದು ಓದುಗ ಮಿತ್ರರು ಕೇಳಬಹುದು. ನಿಮ್ಮ ಮಾಹಿತಿ ತಲುಪಿದೆ ಎಂಬ ಒಂದು ಕಾಗದ ಬಂತು. ಅದರ ಮುಂದಿನದನ್ನು ದೂರು ಕೊಟ್ಟವರಿಗೆ ಯಾರೂ ತಿಳಿಸಲಿಲ್ಲ. ಆ ಯುವಕ ಕೂಟಗಳಿಗೆ ಬರುವುದನ್ನು ಬಿಟ್ಟ. ಕೆಲವರು ಅಕ್ಕನನ್ನು ಮೊದಲಿನಂತೆ ಮಾತಾಡಿಸಲಿಲ್ಲ. ಇಬ್ಬರು ಹೆಂಗಸರು ಮಾತ್ರ ಪ್ರತ್ಯೇಕವಾಗಿ ಬಂದು, ತಮ್ಮ ಮನೆಯ ಕಾಗದಗಳನ್ನು ಚೀಲದಿಂದ ತೆಗೆದು, "ಇದನ್ನೊಂದು ನೋಡಿ ಹೇಳಿ" ಎಂದರಂತೆ. ನಾನು ಅಕ್ಟೋಬರಿನಲ್ಲಿ ಊರಿಗೆ ಮರಳಿದೆ.

2019ರ ಜನವರಿಯಲ್ಲಿ ಭಾವ ಹಿಮದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ, ಈ ಸಲ ನಿಜವಾಗಿಯೂ, ಅದೇ ಮೆಡಿಕೇರಿನಿಂದ ಬೇರೊಂದು ಸಂಸ್ಥೆಯ ದಾದಿ ಬಂದಳು. ಆಕೆ ಮೊದಲು ಕೈ ತೊಳೆದುಕೊಂಡಳಂತೆ. ಗಾಯ ನೋಡಿ, ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಎಣಿಸಿ, ಬಚ್ಚಲುಮನೆಯ ಬಾಗಿಲಲ್ಲಿದ್ದ ಕಾಲೊರಸನ್ನು ತೆಗೆಸಿ, ನಲವತ್ತು ನಿಮಿಷ ಇದ್ದು ಹೋದಳು. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ "ನ" ಎಂದು ಬರೆದು, ಪೆನ್ನನ್ನು ಆಕೆಯ ಕೈಗೂ ಕೊಟ್ಟು, ಅದರ ಪಕ್ಕದಲ್ಲಿ ನೀನೂ ಒಂದು ಸಹಿ ಹಾಕು ಎಂದಳಂತೆ. ಆ ಹುಡುಗಿ ಯಾಕೆಂದು ಕೇಳದೆ ಹಾಕಿದಳು. ಆ ಹಾಳೆಯ ಫೋಟೋವನ್ನು ಅಕ್ಕ ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದಳು. ಫೆಬ್ರುವರಿಯಲ್ಲಿ ಎಂಟು "ನ", ಎಂಟು ಸಹಿ. ಕೂಡಿ ನೋಡಿದೆ.